ಒಂಟಿ ಹಳಿಯ ಗಾಡಿ, ಮೆಹಕರದ ಮಾವ

ಒಂದೇ ಹಳಿಯ ಮೇಲೆ ಗಾಡಿ ಓಡಿಸಲು ಹೊರಟವರಿಗೆ ದಿನಕ್ಕೊಂದು ಫಜೀತಿ ಇದ್ದದ್ದೇ. ಪೊಲೀಸ್ ಕಾರ್ಯಾಚರಣೆ ಮುಗಿದು ಹೈದರಾಬಾದ್ ಸಂಸ್ಥಾನದಲ್ಲಿ ಹೊಸ ಆಡಳಿತ ಬಂದಾಗ, ಬೀದರ ಪೇಟೆಯಿಂದ ರೈಲು ಸ್ಟೇಷನ್ನಿಗೆ ಅಂಥ ಗಾಡಿ ಬಿಡುವ ಯೋಜನೆ ಹುಟ್ಟಿತು. ನಡುವೆ ಒಂಟಿ ಹಳಿ, ಅದರ ಮೇಲೆ ಬೆನ್ನಿಗೆ ಬೆನ್ನು ಕೊಟ್ಟ ಎರಡು ಬೆಂಚು, ಎಳೆಯಲು ಎತ್ತು. ಎರಡೂ ಕಡೆ ತೂಕ ಸಮ ಇದ್ದರಾಯಿತು.

ನಾನು ಅಲ್ಲಿ ಅಳತೆಯ ಸರಪಳಿ ಹಿಡಿಯುವವ, ಹಂಗಾಮಿ. ಗಾಡಿ ಪಾಸಾದರೆ ನೌಕರಿ ಪಕ್ಕಾ. ನೌಕರಿ ಪಕ್ಕಾ ಆದರೆ ಮಾತ್ರ ಮಗಳನ್ನು ಕೊಡುವೆನೆಂದು ಮೆಹಕರದ ರೈತರೊಬ್ಬರು ಹೇಳಿದ್ದರು. ಹುಡುಗಿಯನ್ನು ನೋಡಿ ಬಂದ ಮೇಲೆ ನನಗೆ ಊಟ ಸೇರುತ್ತಿರಲಿಲ್ಲ.

ಕಳುವಾದ ಹಳಿ

ಮೈಲೂರ ಹತ್ತಿರ ಹಳಿ ಕೂರಿಸುತ್ತಿದ್ದೆವು. ಠಾಣೆಗೆ ಹೊಸದಾಗಿ ಬಂದಿದ್ದ ಪೊಲೀಸ್ ಜಮಾದಾರರು ಬಂದು ನಿಂತರು.

"ಇನ್ನೊಂದು ಹಳಿ ಎಲ್ಲದ?"

"ಇದು ಒಂದೇ ಹಳಿ ಗಾಡಿರಿ," ಎಂದೆ.

"ಗಲಾಟಿದಾಗ ಏನೇನು ಕಳುವಾಗ್ಯಾದ ನನಗ ಗೊತ್ತದ. ನಡಿ ಠಾಣಾಕ!"

ಎಂಜಿನಿಯರ್ ಸಾಹೇಬರು ಓಡಿಬಂದು ನಕ್ಷೆ ಬಿಚ್ಚಿ ತೋರಿಸಿದರು. ಜಮಾದಾರರು ಅದನ್ನು ಹಿಂದೆ ಮುಂದೆ ಹೊರಳಿಸಿ ನೋಡಿ ದಂಗಾದರು.

"ಕಾಗದದಾಗಿಂದೂ ಕದ್ದಾರಲ್ರಿ!"

ಔರಾದದವರ ಬೇಡಿಕೆ

ಸುದ್ದಿ ಔರಾದ ಮುಟ್ಟಿತು. ಅಲ್ಲಿಯ ಹಿರಿಯರು ರುಮಾಲು ಸುತ್ತಿಕೊಂಡು ಬಂದೇಬಿಟ್ಟರು. "ಸಾಹೇಬ್ರ, ಬೀದರಕ್ಕ ಒಂದೇ ಹಳಿ ಸಾಕಂತ ಕೇಳೇವಿ. ಉಳದದ್ದು ನಮಗ ಕೊಡ್ರಿ, ನಾವೂ ಒಂದು ಗಾಡಿ ಬಿಡ್ತೇವಿ."

ಉಳಿದದ್ದು ಅಂತ ಯಾವುದೂ ಇಲ್ಲವೆಂದು ಎಂಜಿನಿಯರ್ ಎಷ್ಟು ಹೇಳಿದರೂ ನಂಬಲಿಲ್ಲ. ಹೊರಡುವಾಗ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ಖರೆ ಹೇಳಪಾ. ಭಾಲ್ಕಿಯವ್ರ ರೈಲಿಗಿ ಮೊದ್ಲೇ ಎರಡು ಹಳಿ ಅದಾವ. ಇದನ್ನೂ ಅವ್ರೇ ಒಯ್ದಾರಲ್ಲ?"

ಪರೀಕ್ಷೆಯ ದಿನ

ಗಾಡಿ ಪಾಸು ಮಾಡಲು ಹೈದರಾಬಾದಿನಿಂದ ದೊಡ್ಡ ಸಾಹೇಬರು ಬಂದರು. ನಮ್ಮ ಎಂಜಿನಿಯರ್ ಊರ ಹಿರಿಯರನ್ನು ತೂಕ ನೋಡಿ ನೋಡಿ ಎರಡೂ ಕಡೆ ಕೂರಿಸಿದರು. ಹುಡುಗಿಯ ಅಪ್ಪನೂ ಮೆಹಕರದಿಂದ ಬಂದು ನನ್ನ ಪಕ್ಕ ಕೂತರು.

"ಏನೇ ಆಗ್ಲಿ, ಯಾರೂ ಏಳಬ್ಯಾಡ್ರಿ," ಎಂದು ಎಂಜಿನಿಯರ್ ಕೈಮುಗಿದರು.

ಗಾಡಿ ಸಲೀಸಾಗಿ ಹೊರಟಿತು. ಜೊತೆಗೆ ಕೂತಿದ್ದ ದೊಡ್ಡ ಸಾಹೇಬರು "ಬಹುತ್ ಖೂಬ್" ಎಂದು ಮೆಚ್ಚಿದರು. ನಾನು ಮನಸ್ಸಿನಲ್ಲೇ ಬಾಸಿಂಗ ಕಟ್ಟಿಕೊಂಡೆ.

ತಿರುವಿನಲ್ಲಿ ದರ್ಗಾ ಬಂತು. ನಮ್ಮೂರಲ್ಲಿ ಆ ದರ್ಗಾದ ಮುಂದೆ ಯಾವ ಜಾತಿಯವರೂ ಕೂತುಕೊಂಡು ಹೋಗುವುದಿಲ್ಲ, ಟಾಂಗಾದಲ್ಲಿದ್ದವರೂ ಇಳಿಯುತ್ತಾರೆ. ಏಳಬೇಡಿ ಎಂದ ಎಂಜಿನಿಯರೇ ಎಲ್ಲರಿಗಿಂತ ಮೊದಲು ಎದ್ದರು. ದರ್ಗಾಕ್ಕೆ ಬೆನ್ನು ಮಾಡಿ ಕೂತಿದ್ದ ನಮ್ಮ ಕಡೆಯವರೆಲ್ಲ ಬೆಂಚು ದಾಟಿ ಆಚೆ ಕಡೆ ಹೋಗಿ ಕೈಮುಗಿದರು. ನನಗೂ ಏಳಬೇಕೆನಿಸಿತು, ಆದರೆ ನೌಕರಿ ನೆನಪಾಗಿ ಕೂತಲ್ಲೇ ಕೈಮುಗಿದೆ.

ಗಾಡಿಯೂ ದರ್ಗಾದ ಕಡೆ ನಿಧಾನಕ್ಕೆ ಬಗ್ಗಿತು. ಬಗ್ಗಿದ್ದು ಮತ್ತೆ ಏಳಲಿಲ್ಲ. ಕೆಳಗೆ ಮೆತ್ತನೆಯ ಮಣ್ಣು, ಯಾರಿಗೂ ಪೆಟ್ಟಾಗಲಿಲ್ಲ. ನಾನೊಬ್ಬ ಮಾತ್ರ ಮೇಲೆದ್ದ ಈ ಕಡೆಯ ಬೆಂಚಿನಲ್ಲಿ, ಗಾಳಿಯಲ್ಲಿ ಕೂತೇ ಇದ್ದೆ.

ದೊಡ್ಡ ಸಾಹೇಬರು ಶೇರ್ವಾನಿ ಕೊಡವಿಕೊಂಡು, ಯೋಜನೆ ಇಲ್ಲಿಗೇ ರದ್ದು ಎಂದರು. ಅದರ ಜೊತೆ ನನ್ನ ನೌಕರಿಯೂ ಹೋಯಿತು. ಹುಡುಗಿಯ ಅಪ್ಪ ಮಣ್ಣಿನಿಂದೆದ್ದು ನನ್ನನ್ನೇ ದಿಟ್ಟಿಸಿದರು.

"ಎಲ್ಲಾರೂ ಎದ್ರು. ನೀ ಯಾಕ ಏಳಲಿಲ್ಲ?"

"ಏಳಬ್ಯಾಡಂತ ಹೇಳಿದ್ರಲ್ರಿ..."

ಅವರು ರುಮಾಲು ಸರಿಪಡಿಸಿಕೊಂಡರು.

"ನೌಕರಿ ಹೋದ್ರ ಹೋಗ್ಲಿ ಬಿಡು. ಹೇಳಿದ್ ಮಾತು ಕೇಳಿ ಸುಮ್ಮ ಕೂಡಾಂವ ಇಡೀ ಬೀದರದಾಗ ನೀ ಒಬ್ಬನೇ ಸಿಕ್ಕಿ. ನನ್ನ ಮಗಳಿಗಿ ಇಂಥಾವನೇ ಬೇಕಾಗಿತ್ತು."