ಚಿಕ್ಕಪ್ಪನ ಪ್ರಗತಿಪರ ಬಂಡೆ

ನನ್ನ ಚಿಕ್ಕಪ್ಪನಿಗೆ ಹುಚ್ಚು ಎಂದು ಕಡೂರಿನಲ್ಲಿ ಯಾರೂ ಹೇಳುವುದಿಲ್ಲ. ಅಷ್ಟು ಸಣ್ಣ ಪದ ಅವರಿಗೆ ಸಾಲದು ಎಂಬುದು ಎಲ್ಲರಿಗೂ ಗೊತ್ತು! ಮೂವತ್ತು ವರ್ಷದಿಂದ ಮದುವೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿರುವವರು. ಆರತಕ್ಷತೆಗೆ ಬಂದವರ ಕಣ್ಣೆಲ್ಲ ಊಟದ ಪಂಕ್ತಿಯ ಮೇಲಿರುತ್ತದೆಯೇ ಹೊರತು ವೇದಿಕೆಯ ಮೇಲಲ್ಲ ಎಂಬುದು ಅವರ ಕೊರಗು. ಒಮ್ಮೆ ಬೇಸತ್ತು, ತಾವೇ ಕಟ್ಟಿದ ಶೋಕಭರಿತ ಸಂಗೀತವೊಂದನ್ನು ಹನ್ನೆರಡು ನಿಮಿಷ ನುಡಿಸಿ ಹುಡುಗಿಯ ತಾಯಿಯನ್ನು ಅಳಿಸಿಬಿಟ್ಟರು. ಮಗಳು ಹೊರಟಳೆಂದು ಅತ್ತಿದ್ದು ಎಂದು ನಾವು ತೇಪೆ ಹಚ್ಚಲು ಹೋದರೆ, ‘ಅಲ್ಲ ಕಣೋ. ಸರಿಯಾಗಿ ಮೂರನೇ ಭಾಗದಲ್ಲಿ ಅತ್ರು. ಅದು ಸಂಗೀತಕ್ಕೇ’ ಎಂದರು.

ಇಂಥವರು ಐವತ್ತಾರನೇ ವಯಸ್ಸಿನಲ್ಲಿ, ಆರ್ಕೆಸ್ಟ್ರಾದ ಬಿಡುವಿನಲ್ಲಿ ಸ್ವಂತದ್ದೊಂದು ಆಲ್ಬಮ್ ಮಾಡುವುದಾಗಿ ಘೋಷಿಸಿದರು. ಅದೂ ಪ್ರೋಗ್ರೆಸಿವ್ ರಾಕ್! ಚಿಕ್ಕಮ್ಮ ಸೌತೆಕಾಯಿ ಹೆಚ್ಚುತ್ತಲೇ ಕೇಳಿದರು: ‘ಪ್ರಗತಿಪರ ರೈತ ಅಂತ ಪೇಪರಲ್ಲಿ ಬರುತ್ತೆ. ಪ್ರಗತಿಪರ ಬಂಡೆ ಅಂದ್ರೆ ಏನ್ರೀ?’

‘ಒಂದೇ ಹಾಡೊಳಗೆ ನಾಕು ಹಾಡಿರುತ್ತೆ ಕಣೇ. ತಾಳ ಬದಲಾಗುತ್ತೆ, ರಾಗ ಬದಲಾಗುತ್ತೆ. ಕೇಳೋರು ಸುಮ್ನೆ ಕೂತಿರ್ಬೇಕು.’

‘ಎಷ್ಟೊತ್ತು?’

‘ಹದಿನೆಂಟು ನಿಮಿಷ.’

ಚಿಕ್ಕಮ್ಮ ಇನ್ನೊಂದು ಸೌತೆಕಾಯಿ ಎತ್ತಿಕೊಂಡರು.

ಜೊತೆಗಿದ್ದವರು ಇಬ್ಬರೇ. ಗಿಟಾರಿಗೆ ತರೀಕೆರೆಯ ಗಣಿತದ ಮೇಷ್ಟ್ರು. ಡ್ರಮ್ಸಿಗೆ ಶಿವನಿಯ ಈರಣ್ಣ, ಆರ್ಕೆಸ್ಟ್ರಾದ ಹಳೆಯ ಗೆಳೆಯ. ಹಗಲು ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ ಈರಣ್ಣ ಅದೇ ಸ್ಪ್ಯಾನರಿನಲ್ಲಿ ಡ್ರಮ್ಮಿನ ಬೋಲ್ಟನ್ನೂ ಬಿಗಿಯುತ್ತಿದ್ದ. ಹಾಡುವುದು ಚಿಕ್ಕಪ್ಪನೇ. ಸ್ಟುಡಿಯೋ ಎಂದರೆ ರೈಲ್ವೆ ಸ್ಟೇಷನ್ ಹತ್ತಿರದ ಖಾಲಿ ಕೊಬ್ಬರಿ ಗೋದಾಮು, ಗೋಡೆಗೆಲ್ಲ ಗೋಣಿಚೀಲ.

ಮೊದಲ ಎರಡು ಹಾಡು ಸಿಡಿಲಿನಂತೆ ಬಂದವು. ಮೂರನೆಯದರ ಹೊತ್ತಿಗೆ ವೋಲ್ಟೇಜ್ ಏರಿ ಕೀಬೋರ್ಡ್ ಸುಟ್ಟುಹೋಯಿತು. ಭಜನೆ ಮಂಡಳಿಯಿಂದ ಹಾರ್ಮೋನಿಯಂ ಬಂತು, ಹಾಡು ತತ್ತ್ವಪದದಂತಾಯಿತು. ನಾಲ್ಕನೆಯದರ ಹಿಂದಿನ ದಿನ ಮೇಷ್ಟ್ರು ಸ್ಕೂಟರಿನಿಂದ ಬಿದ್ದು ಕೈಗೆ ಪಟ್ಟಿ ಹಾಕಿಸಿಕೊಂಡರು. ಹಾಗಾಗಿ ಅದರಲ್ಲಿ ಬರೀ ಡ್ರಮ್ಸ್ ಮತ್ತು ಗಂಟಲು. ಐದನೆಯದನ್ನು ಚಿಕ್ಕಪ್ಪ ಜೀವಮಾನದಲ್ಲೇ ಹಾಡದಷ್ಟು ಚೆನ್ನಾಗಿ ಹಾಡುತ್ತಿದ್ದಾಗ ಗೂಡ್ಸ್ ಗಾಡಿ ಹಾದುಹೋಯಿತು. ‘ಇರ್ಲಿ ಬಿಡ್ರಿ, ಅದೂ ಶ್ರುತೀಲೇ ಐತೆ’ ಎಂದ ಈರಣ್ಣ. ಗಾಡಿಯೂ ಆಲ್ಬಮ್ ಸೇರಿತು. ಆರನೆಯದು ಮಾತ್ರ ವಿಘ್ನವಿಲ್ಲದೆ ಮುಗಿಯಿತು.

ಅದಾಗಿ ನಾಲ್ಕನೇ ದಿನ ಅಂತರಘಟ್ಟೆ ಹತ್ತಿರದ ತೋಟವೊಂದರಲ್ಲಿ ಬಾವಿಗೆ ಮೋಟಾರ್ ಇಳಿಸುತ್ತಿದ್ದ ಈರಣ್ಣ ಎದೆ ಹಿಡಿದುಕೊಂಡು ಕುಳಿತ. ಅಜ್ಜಂಪುರದ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದ.

ಚಿಕ್ಕಪ್ಪ ಅಳಲಿಲ್ಲ. ಆರ್ಕೆಸ್ಟ್ರಾಕ್ಕೆ ಹೋಗುವುದನ್ನು ನಿಲ್ಲಿಸಿ, ದಿನಾ ಬೆಳಿಗ್ಗೆ ಗೋದಾಮಿಗೆ ಹೋಗಿ ಕೂರತೊಡಗಿದರು. ಚಿಕ್ಕಮ್ಮ ಊಟದ ಕ್ಯಾರಿಯರ್ ಕೊಟ್ಟು ನನ್ನನ್ನು ಕಳಿಸಿದಾಗ, ಬೆಡ್‌ಶೀಟ್ ಹೊದಿಸಿದ ಡ್ರಮ್ಸಿನ ಎದುರು ಕುರ್ಚಿ ಹಾಕಿಕೊಂಡಿದ್ದರು.

‘ಇಷ್ಟು ಸದ್ದಿಲ್ದೆ ಇರೋದು ನಂಗೆ ಅಭ್ಯಾಸ ಇಲ್ಲ ಕಣೋ’ ಎಂದರು. ಎರಡು ತುತ್ತು ತಿಂದು ಮುಚ್ಚಿಟ್ಟರು.

ಎರಡು ತಿಂಗಳು ಕಳೆಯಿತು, ಮೇಷ್ಟ್ರ ಕೈಯ ಪಟ್ಟಿಯೂ ಬಿಚ್ಚಿತು. ಬೇರೆ ಡ್ರಮ್ಮರನ್ನು ಕರೆಯೋಣ, ಇಲ್ಲವೇ ರಿಪೇರಿಯಾಗಿ ಬಂದ ಕೀಬೋರ್ಡಿನಲ್ಲೇ ಬಟನ್ ಒತ್ತಿದರೆ ಡ್ರಮ್ಸ್ ಬರುತ್ತದಲ್ಲ ಎಂದು ಮೇಷ್ಟ್ರು ಮೆಲ್ಲಗೆ ಹೇಳಿ ನೋಡಿದರು. ಚಿಕ್ಕಪ್ಪ ಬೇಡವೆಂದರು. ಕೊನೆಗೆ ಉಳಿದಿದ್ದ ಏಳನೇ ಹಾಡನ್ನು ಇಬ್ಬರೇ ನುಡಿಸಿದರು. ನಡುನಡುವೆ ಎರಡು ವಾದ್ಯವೂ ನಿಂತು ಏನೂ ಕೇಳಿಸದಂತಾಗುತ್ತಿತ್ತು.

‘ಇಲ್ಲಿ ಎಂಟೆಂಟು ಮಾತ್ರೆ ಏನೂ ಇಲ್ವಲ್ರೀ’ ಎಂದರು ಮೇಷ್ಟ್ರು. ‘ಕೇಳೋರು ಫೋನ್ ಕೆಟ್ಟೋಯ್ತು ಅಂದ್ಕಂತಾರೆ.’

‘ಅಂದ್ಕಳ್ಳಿ.’

ಆಲ್ಬಮ್ ಇಂಟರ್‌ನೆಟ್ಟಿಗೆ ಏರಿತು. ಎಲ್ಲಿಯವನೋ ಅಪರಿಚಿತನೊಬ್ಬ ಕೆಳಗೆ ಬರೆದ: ಎಷ್ಟು ಇಂಪು, ಎಷ್ಟೊಂದು ಶೈಲಿ, ಈ ವೈವಿಧ್ಯದ ಹಿಂದೆ ಎಂಥ ಯೋಜನೆ! ಸುಟ್ಟ ಕೀಬೋರ್ಡು, ಮುರಿದ ಕೈ, ಗೂಡ್ಸ್ ಗಾಡಿ, ಒಂದು ಸಾವು. ಎಂಥ ಯೋಜನೆ ಸ್ವಾಮಿ! ಓದಿ ಹೇಳಿದಾಗ ಚಿಕ್ಕಪ್ಪ ಎಷ್ಟೋ ದಿನಗಳ ಮೇಲೆ ನಕ್ಕರು. ಆಮೇಲೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಮರುದಿನ ನನ್ನನ್ನು ಹೊರಡಿಸಿಕೊಂಡು ಶಿವನಿಗೆ ಬಸ್ಸು ಹತ್ತಿದರು. ಈರಣ್ಣನ ಹೆಂಡತಿ ಗೌರಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಗಂಡ ಬಾರಿಸಿದ್ದನ್ನು ಅವರು ಒಮ್ಮೆಯೂ ಕೂತು ಕೇಳಿದವರಲ್ಲ. ಚಿಕ್ಕಪ್ಪ ಫೋನನ್ನು ಮೊರದ ಪಕ್ಕ ಇಟ್ಟು ಹಾಡು ಹಾಕಿದರು. ಡ್ರಮ್ಸ್ ಗುಡುಗಿದಾಗ ಗೌರಮ್ಮನ ಕೈ ನಿಂತಿತು. ಆರು ಹಾಡು ಮುಗಿಯುವವರೆಗೂ ಮತ್ತೆ ಆಡಲಿಲ್ಲ.

ಏಳನೆಯದು ಶುರುವಾಯಿತು. ಮೊದಲ ನಿಶ್ಶಬ್ದ ಬಂದಾಗ ಅವರು ಫೋನನ್ನು ನೋಡಿದರು, ಆಮೇಲೆ ಚಿಕ್ಕಪ್ಪನನ್ನು.

‘ಇದ್ರಾಗೆ ಅವ್ರು ಇಲ್ವಲ್ಲಣ್ಣ.’

ಸಂಗೀತದ ಮಾತೆತ್ತಿದರೆ ಗಂಟೆಗಟ್ಟಲೆ ಭಾಷಣ ಬಿಗಿಯುವ ಚಿಕ್ಕಪ್ಪ ಮೊರದಿಂದ ಒಂದು ಅವರೆಕಾಯಿ ಎತ್ತಿಕೊಂಡು ಸುಲಿದರು.

‘ಜಾಗ ಬಿಟ್ಟಿದೀನಿ ಕಣಮ್ಮ.’

ಹಾಡು ಮುಗಿದ ಮೇಲೆ ಗೌರಮ್ಮ ಫೋನಿನ ಮೇಲೆ ಬಿದ್ದಿದ್ದ ಸಿಪ್ಪೆಯೊಂದನ್ನು ತೆಗೆದು, ಫೋನನ್ನು ಚಿಕ್ಕಪ್ಪನ ಕಡೆ ಸರಿಸಿದರು.

‘ಇದೊಂದನ್ನ ಇನ್ನೊಂದ್ಸಲ ಹಾಕಣ್ಣ.’