ಮಡಿಲಕ್ಕಿಯ ಸಮುದ್ರಯಾನ

ದ್ವೀಪಕ್ಕೆ ಹೋಗಿಬರುವುದು ಏನು ಮಹಾ, ಹೇಳಿದ ಹಾಗೆ ಕೇಳಿದರೆ ಸಾಕು ಎಂದು ನಾನು ದೃಢವಾಗಿ ನಂಬಿದ್ದೆ. ನಮ್ಮ ಯಜಮಾನರು ಫ್ಯಾಕ್ಟರಿಯಲ್ಲಿ ಇಪ್ಪತ್ತೈದು ವರ್ಷ ಸವೆಸಿದ್ದಕ್ಕೆ ಕಂಪನಿಯವರು ಅವರಿಗೆ, ನನಗೆ, ನಮ್ಮ ಅತ್ತೆಗೆ ಮೂರು ದಿನದ ದ್ವೀಪ ಪ್ರವಾಸ ಕೊಟ್ಟರು. ಯಾವ ದ್ವೀಪ ಎಂದು ಕೇಳಬೇಡಿ. ಹೋದದ್ದು ನಮ್ಮ ಮಾನ, ಅದರದ್ದನ್ನು ಯಾಕೆ ಕಳೆಯಲಿ!

ಟಿಕೆಟ್ಟಿನ ಜೊತೆ ಸೂಚನೆಗಳ ಹಾಳೆಯೊಂದು ಬಂತು. ಸೊಳ್ಳೆ ಕಚ್ಚದಂತೆ ತುಂಬುತೋಳು ತೊಡಬೇಕು. ಬಿಸಿಲಿಗೆ ಟೋಪಿ ಹಾಕಬೇಕು. ನಲ್ಲಿ ನೀರು ಕುಡಿಯಬಾರದು. ಬೇಯಿಸದ್ದನ್ನು ತಿನ್ನಬಾರದು. ಕಾಳು, ಎಲೆ, ಬೇರುಗಳನ್ನು ತಿಳಿಸದೆ ಒಳಗೆ ತರಬಾರದು. ಹೊಸೂರು ಪಕ್ಕದ ಮತ್ತಿಗಿರಿಯ ನಮ್ಮ ಮನೆಯಲ್ಲಿ ಇಪ್ಪತ್ತೊಂದು ದಿನವೂ ದೀಪ ಹಚ್ಚಿ ಅದನ್ನು ಸ್ತೋತ್ರದ ಹಾಗೆ ಓದಿದೆ. ಕೊನೆಯ ದಿನ ಮಂಗಳಾರತಿಯೂ ಆಯಿತು!

"ಸಾಕು ನಿಲ್ಸೇ," ಎಂದರು ಯಜಮಾನರು. "ಇನ್ನೊಂದ್ಸಲ ಓದುದ್ರೆ ದೇವ್ರೇ ಎದ್ದು ಟೋಪಿ ಹಾಕ್ಕೋತಾನೆ."

ಹೊರಟ ದಿನ ಕಾರು ಬಾಗಲೂರಿನ ನನ್ನ ತವರಿನ ಮುಂದೆ ಐದು ನಿಮಿಷ ನಿಂತಿತು. ಕಾಲಿಗೆ ಬಿದ್ದು ಏಳುವಷ್ಟರಲ್ಲಿ ಅಮ್ಮ ಮೊರ ಹಿಡಿದು ನಿಂತಿದ್ದರು.

"ಸಮುದ್ರ ದಾಟ್ತಿರೋ ಮೊದಲ್ನೇ ಹೆಣ್ಮಗಳು ಕಣಮ್ಮಿ ನೀನು. ಬರೀ ಮಡ್ಲಲ್ಲಿ ಕಳಿಸ್ತೀನಾ? ಸೆರಗು ಒಡ್ಡು."

ಸೇರಕ್ಕಿ, ಬೆಲ್ಲದಚ್ಚು, ತೆಂಗಿನಕಾಯಿ, ಎಲೆ ಅಡಿಕೆ, ಅರಿಶಿನದ ಕೊಂಬು. ಒಂದೊಂದೂ ಮಡಿಲಿಗೆ ಬಿತ್ತು. ತಾಯಿ ತುಂಬಿದ ಮಡಿಲಕ್ಕಿಯನ್ನು ಬೇಡ ಎನ್ನುವ ಹಾಗಿಲ್ಲ. ದಾರಿಯಲ್ಲಿ ಚೆಲ್ಲಿದರಂತೂ ತವರಿಗೆ ಒಳ್ಳೆಯದಲ್ಲ. ಗಂಟು ಕಟ್ಟಿ ಕೈಚೀಲಕ್ಕೆ ಹಾಕಿದೆ.

ತೆಂಗಿನಕಾಯಿಯನ್ನು ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ತೆಗೆದಿಟ್ಟುಕೊಂಡರು. ಅದು ಗಣಪತಿಗೆ ಸಂದಿತು ಎಂದು ಕೆನ್ನೆ ಬಡಿದುಕೊಂಡೆ. ಇನ್ನು ಒಂದು ಕಾಳೂ ಕಸದ ಬುಟ್ಟಿಗೆ ಬೀಳಕೂಡದು ಎಂದು ಅಲ್ಲೇ ಸಂಕಲ್ಪ ಮಾಡಿದೆ.

ದ್ವೀಪದಲ್ಲಿ ಇಳಿದರೆ ಎದುರಿಗೇ ದೊಡ್ಡ ಬೋರ್ಡು. ಅಕ್ಕಿಯಂಥ ಕಾಳಿನ ಚಿತ್ರ, ಎಲೆಯ ಚಿತ್ರ, ಬೇರಿನ ಚಿತ್ರ. ಬರೆದವನು ನಮ್ಮಮ್ಮನ ಮೊರ ನೋಡಿಕೊಂಡೇ ಬರೆದಂತಿತ್ತು! ಅದರ ಕೆಳಗೆ ಮಡಕೆಯಷ್ಟು ಅಗಲ ಬಾಯಿ ತೆರೆದ ಕಸದ ಬುಟ್ಟಿ.

"ರೀ, ಮಡಿಲಕ್ಕಿ!" ಎಂದೆ. ಕೈಚೀಲವನ್ನು ಅವಚಿಕೊಂಡೆ.

"ಹಾಕ್ಬುಡೇ ಅತ್ಲಾಗೆ. ವಾಪಸ್ ಕಳಿಸ್ಬುಟ್ಟಾರು."

"ನಮ್ಮಮ್ಮ ಉಟ್ಟ ಸೀರೇಲಿ ಕಣ್ಣೊರ್ಸ್ಕೊಂಡು ತುಂಬ್ಸವ್ರೆ. ನನ್ನ ಬೇಕಾದ್ರೆ ಬುಟ್ಟಿಗಾಕಿ!"

ಆಗ ಅತ್ತೆ ಸೊಂಟದಿಂದ ಸುಣ್ಣದ ಡಬ್ಬಿ ತೆಗೆದರು. "ಹೊಟ್ಟೇಲಿರೋದನ್ನ ಯಾವನ್ಲಾ ತಪಾಸಣೆ ಮಾಡ್ತಾನೆ? ಹಂಚ್ಕೊಂಡು ತಿಂದ್ಬುಡಾನ."

ಎಂಥ ದೈವಿಕ ಪರಿಹಾರ! ಕಂಬದ ಮರೆಯಲ್ಲಿ ಕಾರ್ಯ ವಿಭಾಗಿಸಿದೆವು. ಎಲೆ ಅಡಿಕೆ ಅತ್ತೆಗೆ. ಅರಿಶಿನದ ಕೊಂಬು ಯಜಮಾನರಿಗೆ. ಬೆಲ್ಲ ಸೇರಿಸಿ ಅಕ್ಕಿ ನನಗೆ. ಸೇರಕ್ಕಿ ಎಂದರೆ ಎಷ್ಟು ಎಂದು ಇಷ್ಟು ವರ್ಷ ಅಡಿಗೆ ಮಾಡಿದರೂ ನನಗೆ ಗೊತ್ತಿರಲಿಲ್ಲ. ಹಸಿಯಾಗಿ ಅಗಿದ ಮೇಲೆ ಗೊತ್ತಾಯಿತು!

ಕೊನೆಯ ಹಿಡಿ ಮುಗಿದಿರಲಿಲ್ಲ, ಬಿಳಿ ಕೋಟಿನ ಹೆಂಗಸೊಬ್ಬರು ಎದುರಿಗೆ ನಿಂತಿದ್ದರು. ಅವರು ಆರೋಗ್ಯ ತಪಾಸಣೆಯ ಡಾಕ್ಟರು. ಅತ್ತೆಯ ತುಟಿಯಂಚಿನಲ್ಲಿ ಕೆಂಪು ಇಳಿಯುತ್ತಿತ್ತು. ಯಜಮಾನರು ಹೆದರಿ ನಕ್ಕರು. ಹಲ್ಲೂ ನಾಲಗೆಯೂ ಹಳದಿ. ನನ್ನ ಎರಡೂ ಕೆನ್ನೆ ಊದಿದ್ದವು. ರಕ್ತಸ್ರಾವ, ಕಾಮಾಲೆ, ಗದ್ದಕಟ್ಟು. ಒಂದೇ ಮನೆಯವರು ಮೂರು ರೋಗ ಹೊತ್ತು ಇಳಿದಿದ್ದೆವು! ಸುತ್ತಲಿದ್ದ ಪ್ರಯಾಣಿಕರು ಹತ್ತು ಮಾರು ಹಿಂದೆ ಸರಿದರು.

ನಮ್ಮನ್ನು ಗಾಜಿನ ಕೋಣೆಗೆ ಕರೆದೊಯ್ದರು. "ಎಷ್ಟು ದಿನದಿಂದ ಹೀಗೆ?" ಎಂದು ಡಾಕ್ಟರು ತಮಿಳಿನಲ್ಲಿ ಕೇಳಿದರು. ತಮಿಳೇನೋ ನಮಗೆ ಹೊಸೂರಿನ ನೀರಿನಷ್ಟೇ ಸಲೀಸು. ಆದರೆ ಸುಳ್ಳು ಹೇಳಲು ದೇವರು ಬಿಡಲಿಲ್ಲ, ನಿಜ ಹೇಳಲು ಅಕ್ಕಿ ಬಿಡಲಿಲ್ಲ. ಗಂಟು ಬಿಚ್ಚಿ ಮೇಜಿನ ಮೇಲಿಟ್ಟು ಕೈಮುಗಿದೆ. ಒಂದು ಹಿಡಿ ಅಕ್ಕಿ ಉಳಿದಿತ್ತು. ಬಾಯಿ ಖಾಲಿಯಾದ ಮೇಲೆ ಮೊರದಿಂದ ಹಿಡಿದು ಸುಣ್ಣದ ಡಬ್ಬಿಯವರೆಗೆ ಎಲ್ಲವನ್ನೂ ಒಪ್ಪಿಕೊಂಡೆ.

ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಳು ಎಂದುಕೊಂಡೆ. ನಗು!

"ಇದು ಮಿಲ್ಲಿನ ಅಕ್ಕಿ ಅಲ್ವಾಮ್ಮ? ಮೊಳೆಯೋದೇ ಇಲ್ಲ. ಕೌಂಟರಿನಲ್ಲಿ ತೋರಿಸಿದ್ದರೆ ನೋಡಿ ಬಿಡುತ್ತಿದ್ದರು. ಹಾಳೆಯಲ್ಲಿ ಬರೆದಿರಲಿಲ್ಲವೇ?"

ಬರೆದಿತ್ತು. 'ತಿಳಿಸದೆ' ತರಬಾರದು. ಇಪ್ಪತ್ತೊಂದು ದಿನ ಪಾರಾಯಣ ಮಾಡಿದ್ದೆ. ಮಂಗಳಾರತಿ ಎತ್ತಿದ್ದೆ. ಅರ್ಥ ಮಾತ್ರ ಮಾಡಿಕೊಂಡಿರಲಿಲ್ಲ!

"ಲೇ ಪದ್ಮಾ," ಎಂದರು ಅತ್ತೆ ಗಂಭೀರವಾಗಿ, "ಇನ್ನೊಂದು ಎಲೆ ಐತೆ, ಇವ್ರಿಗೂ ಮಡಚ್ಕೊಡ್ಲಾ?"

ಆ ಎಲೆಯನ್ನು ಡಾಕ್ಟರು ಇಟ್ಟುಕೊಂಡು, ಹಿಡಿ ಅಕ್ಕಿಯನ್ನು ನನ್ನ ಸೆರಗಿಗೇ ಹಾಕಿ ಕಳಿಸಿದರು. ಆ ತಾಯಿ ನೂರು ವರ್ಷ ಬಾಳಲಿ.

ಮುಂದಿನದನ್ನು ಸಂಕ್ಷಿಪ್ತವಾಗಿ ನಿವೇದಿಸುತ್ತೇನೆ. ಬೇಯಿಸದ್ದನ್ನು ತಿನ್ನಬಾರದು ಎಂಬ ಸೂಚನೆ ಬಹಳ ಸರಿಯಾದದ್ದು. ರೂಮಿಗೆ ಹೋದ ಅರ್ಧ ಗಂಟೆಯಲ್ಲಿ ನನ್ನ ಹೊಟ್ಟೆ ಅದನ್ನು ಅನುಮೋದಿಸಿತು. ಯಜಮಾನರೂ ಅತ್ತೆಯೂ ಟೋಪಿ ಹಾಕಿಕೊಂಡು ದಡಕ್ಕೆ ಹೋಗಿ ಅಲೆ ನೋಡಿ ಬಂದರು. ನಾನು ಮೂರು ದಿನ ತುಂಬುತೋಳಿನ ರವಿಕೆ ತೊಟ್ಟು ಬಚ್ಚಲಿಗೂ ಮಂಚಕ್ಕೂ ಓಡಾಡಿದೆ. ಒಂದು ಸೊಳ್ಳೆಯೂ ಕಚ್ಚಲಿಲ್ಲ. ದೇವರು ದೊಡ್ಡವನು!

ಊರಿಗೆ ಬಂದ ದಿನವೇ ಆ ಹಿಡಿ ಅಕ್ಕಿಯಲ್ಲಿ ಗಂಜಿ ಕಾಯಿಸಿ ದೇವರ ಮುಂದಿಟ್ಟು ಕುಡಿದೆ. ಅಷ್ಟರಲ್ಲಿ ಅಮ್ಮನ ಫೋನು ಬಂತು.

"ಮಡ್ಲಕ್ಕಿ ಏನ್ಮಾಡ್ದೆ ಕಣಮ್ಮಿ?"

"ಒಂದು ಕಾಳೂ ಚೆಲ್ಲಿಲ್ಲಮ್ಮ."

"ನನ್ ಚಿನ್ನ! ಸಮುದ್ರ ಹೆಂಗಿತ್ತು?"

ನಮ್ಮ ವಂಶದಲ್ಲಿ ಸಮುದ್ರ ದಾಟಿದ ಮೊದಲ ಹೆಣ್ಣುಮಗಳು ನಾನು. ಆದರೆ ರೂಮಿನ ಬಚ್ಚಲ ಕಿಟಕಿ ಸಮುದ್ರದ ಕಡೆಗಿರಲಿಲ್ಲ.

"ತಾಳಮ್ಮ," ಎಂದು ಫೋನನ್ನು ಅತ್ತೆಯ ಕೈಗೆ ಕೊಟ್ಟೆ.