ಬೆನ್ನು ತಟ್ಟಿದವನು ಸೋತನೆಂದು ಸಾರಿದ ಪಂಚರಿಗೆ

ಗಜೇಂದ್ರಗಡ
೧೨ ಮಾರ್ಚ್ ೨೦೦೯

ಇವರಿಗೆ,
ಶ್ರೀಮಾನ್ ಅಂತರರಾಷ್ಟ್ರೀಯ ರೆಫರಿಯವರು,
ವಿಳಾಸ: ತಿಳಿಯದು

ಮಾನ್ಯರೇ,

ತಮ್ಮ ನೀಲಿ ರಬ್ಬರ್ ಕೈಗವಸುಗಳಿಗೂ, ಆ ಕೈಗವಸುಗಳೊಳಗಿರುವ ಎಂದೂ ತಪ್ಪದ ಎರಡು ಕೈಗಳಿಗೂ, ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಸಮಸ್ತ ಕುಸ್ತಿಪ್ರಿಯರ ಪರವಾಗಿ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಇತ್ತ ನಾವೂ ಕ್ಷೇಮ, ಸವಡಿಯ ಗರಡಿ ಮನೆಯ ಗೂಟಕ್ಕೆ ತೂಗುತ್ತಿರುವ ಒಂದು ಕೇಸರಿ ಪಟಕಾ ಮಾತ್ರ ಕ್ಷೇಮವಾಗಿಲ್ಲ. ಬರುವ ಯುಗಾದಿಯ ದಿನ ಅದು ಒಂದು ತಲೆಯ ಮೇಲೆ ಏರಬೇಕಿತ್ತು. ತಮ್ಮ ಒಂದು ತೀರ್ಪಿನಿಂದಾಗಿ ಏರಲಾರದೆ ನಿಂತಿದೆ. ಈ ಸಂಗತಿಯನ್ನು ಖಾಸಗಿಯಾಗಿಯೇ ತಮ್ಮ ಕಿವಿಗೆ ಹಾಕಬೇಕೆಂದು ತಮ್ಮ ಪೋಸ್ಟರಿನಲ್ಲಿದ್ದ ಮೊಬೈಲ್ ನಂಬರಿಗೆ ಹನ್ನೊಂದು ಸಲ ಫೋನು ಮಾಡಿದೆ. ಹನ್ನೊಂದು ಸಲವೂ ಒಬ್ಬ ಹೆಣ್ಣುಮಗಳು ಮೂರು ಭಾಷೆಗಳಲ್ಲಿ ಆ ನಂಬರು ಚಾಲ್ತಿಯಲ್ಲಿಲ್ಲವೆಂದು ಒಂದಿಷ್ಟೂ ಬೇಸರಿಸದೆ ತಿಳಿಸಿದರು. ತಮ್ಮ ಸಂಸ್ಥೆಯ ಪರವಾಗಿ ನಮಗೆ ಉತ್ತರ ಕೊಟ್ಟವರು ಅವರೊಬ್ಬರೇ ಆದ್ದರಿಂದ ಅವರಿಗೂ ನಮಸ್ಕಾರ ತಿಳಿಸಿ, ಈ ಪತ್ರವನ್ನು ಪತ್ರಿಕೆಯ ಮೂಲಕ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಕಳೆದ ಫೆಬ್ರುವರಿ ಇಪ್ಪತ್ತೆರಡರ ರವಿವಾರ ನಮ್ಮೂರ ಮಾರುಕಟ್ಟೆಯ ಬಯಲಿನಲ್ಲಿ ತಾವು 'ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್' ಎಂಬ ಕಾಳಗವನ್ನು ನಡೆಸಿಕೊಟ್ಟದ್ದು ತಮಗೆ ನೆನಪಿರಬಹುದು. ಇಷ್ಟುದ್ದದ ಹೆಸರು ನಮ್ಮ ನಾಲಿಗೆಗೆ ಹೊರಳದ್ದರಿಂದ, ಮತ್ತು ಅದರಲ್ಲಿ ಒಂದಿಷ್ಟು ಗುದ್ದು, ಒಂದಿಷ್ಟು ಒದೆ, ಒಂದಿಷ್ಟು ಕುಸ್ತಿ ಎಲ್ಲವನ್ನೂ ಚುರಮರಿಯೊಂದಿಗೆ ಉಳ್ಳಾಗಡ್ಡಿ ಕಲಸಿದಂತೆ ಕಲಸಿದ್ದರಿಂದ, ಜನ ಅದನ್ನು 'ಗಿರ್ಮಿಟ್ ಕುಸ್ತಿ' ಎಂದು ಕರೆದರು. ಇದರಲ್ಲಿ ಅವಮಾನವೇನೂ ಇಲ್ಲ, ಗಿರ್ಮಿಟ್ಟನ್ನು ನಾವು ಬೀಗರಿಗೂ ಕೊಡುತ್ತೇವೆ. ತಮ್ಮ ನಕ್ಷೆಯಲ್ಲಿ ಎಂಟು ಮಗ್ಗುಲಿನ ಪಂಜರವಿತ್ತು. ನಮ್ಮ ವೆಲ್ಡಿಂಗ್ ಮೈನುದ್ದೀನನು ಕೋಳಿ ಫಾರಮ್ಮಿಗೆಂದು ತಂದಿಟ್ಟಿದ್ದ ಜಾಳಿಗೆಯಲ್ಲಿ ಅದನ್ನು ಕಟ್ಟುತ್ತ ಹೋಗಿ, ಏಳನೆಯ ಮಗ್ಗುಲಿಗೆ ಜಾಳಿಗೆ ತೀರಿತಾದ್ದರಿಂದ ಏಳಕ್ಕೇ ಮುಗಿಸಿದ. ತಾವು ಒಳಗೆ ಕಾಲಿಟ್ಟವರು ಬೆರಳು ತೋರಿಸಿ ಮೂರು ಸಲ ಮಗ್ಗುಲುಗಳನ್ನು ಎಣಿಸಿದ್ದನ್ನೂ, ಬಳಿಕ ಏನೂ ಅನ್ನದೆ ಇದ್ದದ್ದನ್ನೂ ನಾವು ಕಂಡೆವು. ಎಂಥ ದೊಡ್ಡ ಮನಸ್ಸು ಎಂದುಕೊಂಡೆವು. ಒಂದು ಮಗ್ಗುಲು ಕಡಿಮೆಯಾದದ್ದನ್ನು ಹೊಟ್ಟೆಗೆ ಹಾಕಿಕೊಂಡವರು ಎರಡು ತಟ್ಟು ಹೆಚ್ಚಾದದ್ದನ್ನು ಹಾಕಿಕೊಳ್ಳಲಾರರೆಂದು ಆಗ ನಮಗೆ ಹೇಗೆ ಹೊಳೆಯಬೇಕು?

ತಮ್ಮ ನಿಯಮಗಳನ್ನು ಕನ್ನಡದಲ್ಲಿ ಹೇಳಲು ಮದುವೆ ಮನೆಗಳ ಮೈಕಿನ ಅಮೋಘಸಿದ್ದನನ್ನು ನೇಮಿಸಿದ್ದಿರಿ. ಕಚ್ಚಬಾರದು, ಕಣ್ಣಿಗೆ ಬೆರಳು ಹಾಕಬಾರದು, ಕೂದಲು ಜಗ್ಗಬಾರದು, ಉಗುಳಬಾರದು ಎಂದು ಅವನು ಒಂದೊಂದಾಗಿ ಸಾರುತ್ತಿದ್ದಾಗ, ನನ್ನ ಪಕ್ಕದಲ್ಲಿ ಕುಳಿತಿದ್ದ ಸವಡಿ ಗರಡಿಯ ಗುರು, ವಸ್ತಾದ ಜಂಗ್ಲಿಸಾಬರು, ಐವತ್ತು ವರ್ಷ ಕೆಮ್ಮಣ್ಣಿನಲ್ಲಿ ಕಳೆದವರು, "ಇಷ್ಟೆಲ್ಲಾ ಬಾಯಿ ಬಿಟ್ಟ ಹೇಳಬೇಕಾತು ಅಂದ್ರ, ಪಾಪ, ಎಂಥಾ ಮಂದಿ ನಡುವ ಬಾಳೇ ಮಾಡಿ ಬಂದಾನೋ ಏನೋ ಈ ಮನಷ್ಯಾ" ಎಂದು ತಮ್ಮ ಬಗ್ಗೆ ನಿಜವಾಗಿಯೂ ಮರುಗಿದರು. ಆಮೇಲೆ ಬಂತು ಕೊನೆಯ ನಿಯಮ. ಸೋಲೊಪ್ಪುವವನು ಕೈಯಿಂದ ಎದುರಾಳಿಯನ್ನೋ ನೆಲವನ್ನೋ ತಟ್ಟಿ ತಿಳಿಸತಕ್ಕದ್ದು ಎಂಬುದಕ್ಕೆ ತಾವು 'ಟ್ಯಾಪ್' ಎಂಬ ಪದ ಬಳಸಿದಿರಿ. ಅಮೋಘಸಿದ್ದನು ಒಂದು ಕ್ಷಣ ಆಲೋಚಿಸಿ, ಮೈಕಿನಲ್ಲಿ ಗಂಭೀರವಾಗಿ, "ನಳದ ಕಡೆ ಹೋದಾವರು ಔಟ್. ಯಾರೂ ನಳ ಮುಟ್ಟಂಗಿಲ್ಲ" ಎಂದು ಸಾರಿದ. ಬಿಸಿಲು ನೆತ್ತಿಯ ಮೇಲಿತ್ತು. ಪಂಜರದ ಹಿಂದೆಯೇ ನೀರಿನ ನಳವಿತ್ತು. ಹೋರಾಡಲು ಬಂದಿದ್ದ ಹನ್ನೆರಡು ಮಂದಿ ತರುಣರು ಎರಡು ತಾಸು ಒಣಗಿದ ಗಂಟಲಲ್ಲಿ ಅದನ್ನು ನೋಡುತ್ತ ಕುಳಿತರೇ ಹೊರತು ಒಬ್ಬನೂ ಹತ್ತಿರ ಹೋಗಲಿಲ್ಲ. ತಮ್ಮ ನಿಯಮವನ್ನು ಜಗತ್ತಿನ ಬೇರಾವ ಊರೂ ಇಷ್ಟು ನಿಷ್ಠೆಯಿಂದ ಪಾಲಿಸಿರಲಾರದು.

ಇನ್ನು ನಾಲ್ಕನೆಯ ಜೋಡಿಯ ವಿಷಯ. ಒಬ್ಬ ಸವಡಿಯ ಜಾಕೀರ ನದಾಫ, ವಯಸ್ಸು ಇಪ್ಪತ್ತೊಂಬತ್ತು, ಕಸುಬು ಗಾದಿ ಹೊಲಿಯುವುದು, ಜಂಗ್ಲಿಸಾಬರ ಕೈಯಲ್ಲಿ ಹದಿನಾರು ವರ್ಷ ಪಳಗಿದವನು; ಯುಗಾದಿಗೆ ಪಟಕಾ ಸುತ್ತಿಸಿಕೊಂಡು ಗರಡಿಯ ವಸ್ತಾದನಾಗಬೇಕಾದವನು ಇವನೇ. ಇನ್ನೊಬ್ಬ ನರಗುಂದದ ಬಸವಪ್ರಸಾದ, ಕಾಲುವೆ ನೀರಿನ ಜಮೀನುದಾರರ ಮನೆಯವನು, ಪಟ್ಟುಗಳನ್ನು ಸೀಡಿ ನೋಡಿ ಕಲಿತವನು. ತಾವು ಕೈ ಬೀಸಿದ ಮೇಲೆ ಹತ್ತು ಎಣಿಸುವುದರೊಳಗೆ ಜಾಕೀರನು ಅವನನ್ನು ಎತ್ತಿ ಬೆನ್ನಡಿಯಾಗಿ ಕೆಡವಿದ. ನಮ್ಮಲ್ಲಿ ಎರಡು ಭುಜ ನೆಲಕ್ಕೆ ಹತ್ತಿದರೆ ಚಿತ್, ಚಿತ್ ಎಂದರೆ ಮುಗಿಯಿತು, ಹಲಗಿ ಬಾರಿಸುತ್ತಾರೆ. ಜಾಕೀರನು ಅಭ್ಯಾಸಬಲದಿಂದ ಹಲಗಿ ಎಲ್ಲಿ ಎಂದು ತಲೆಯೆತ್ತಿ ನೋಡಿದ. ಅಷ್ಟರಲ್ಲಿ ಕೆಳಗಿದ್ದವನು, ಮಸಣದ ಹಾದಿಯಲ್ಲಿ ಹೆಣ ಎದ್ದು ನೀರು ಕೇಳಿದಂತೆ, ಹೋರಾಟ ಶುರುಮಾಡಿದ! ಮಗ್ಗುಲಿಗೆ ಹೊರಳಿ ಜಾಕೀರನ ಎಡಗೈಯನ್ನು ತನ್ನೆರಡೂ ಕೈಗಳಲ್ಲಿ ಬೀಗ ಹಾಕಿದಂತೆ ತಿರುವಿ ಹಿಡಿದ. ಪಟ್ಟು ನಿಜಕ್ಕೂ ಚೆಲುವಾಗಿತ್ತು, ಅದನ್ನು ನಾನೂ ಒಪ್ಪುತ್ತೇನೆ, ಜಂಗ್ಲಿಸಾಬರೂ ಒಪ್ಪಿದರು, ಎಲ್ಲರಿಗಿಂತ ಮೊದಲು ಒಪ್ಪಿದವನು ಜಾಕೀರ. ಖಾಲಿಯಿದ್ದ ಬಲಗೈಯಿಂದ ಬಸವಪ್ರಸಾದನ ಬೆನ್ನನ್ನು ಎರಡು ಸಲ ತಟ್ಟಿ, "ಶಾಬಾಸ್ ತಮ್ಮಾ" ಎಂದ.

ಮಾನ್ಯರೇ, ಸವಡಿಯ ಗರಡಿಯಲ್ಲಿ ಲಂಗೋಟಿ ಕಟ್ಟುವುದಕ್ಕೂ ಮೊದಲು ಕಲಿಸುವ ಪಾಠವಿದು. ಎದುರಿನವನು ಚಲೋ ಪಟ್ಟು ಹಾಕಿದರೆ ಬೆನ್ನು ತಟ್ಟಬೇಕು, ತಟ್ಟಿದ ಮೇಲೆ ಬಿಡಿಸಿಕೊಳ್ಳಬೇಕು. "ಮೊದಲ ಶಾಬಾಸ್, ಆಮ್ಯಾಲ ತಪ್ಪಿಸ್ಕೋ. ಶಾಬಾಸ್ ಅನ್ನಲಾರದ ತಪ್ಪಿಸ್ಕೊಂಡಾವ ಪೈಲ್ವಾನ ಅಲ್ಲ, ಕಳ್ಳ" ಎಂಬುದು ಜಂಗ್ಲಿಸಾಬರ ಮಾತು. ಜಾಕೀರನು ಪಾಠದ ಮೊದಲ ಅರ್ಧವನ್ನು ಮುಗಿಸಿ ಎರಡನೆಯ ಅರ್ಧಕ್ಕೆ ಮೈ ಬಿಗಿ ಮಾಡುತ್ತಿದ್ದಾಗಲೇ ತಾವು ಗಿಡುಗನಂತೆ ಎರಗಿ ಇಬ್ಬರನ್ನೂ ಬಿಡಿಸಿ, ಬಸವಪ್ರಸಾದನ ಕೈ ಎತ್ತಿ ಹಿಡಿದಿರಿ. ಗೆದ್ದವನೇ ತಮ್ಮ ತೋಳು ಹಿಡಿದು, "ಸರ, ಅವ ಶಾಬಾಸ್ ಅಂದಾನ್ರಿ. ಸೋತಿಲ್ರಿ ಅವ. ನನ್ನ ಕೈ ಇಳಸ್ರಿ" ಎಂದು ಬೇಡಿಕೊಂಡ. ತಾವು ಅವನ ಕೈಯನ್ನು ಇನ್ನೂ ಮೇಲಕ್ಕೆ ಎತ್ತಿದಿರಿ. ಬೇಡವೆಂದವನ ಮೇಲೆ ಗೆಲುವನ್ನು ಇಷ್ಟು ಬಲವಂತದಿಂದ ಹೊರಿಸಿದ್ದನ್ನು ನಾನು ಈ ಅರವತ್ತೆಂಟು ವರ್ಷಗಳಲ್ಲಿ ಕಂಡಿರಲಿಲ್ಲ. ಎಲ್ಲ ಮುಗಿದ ಮೇಲೆ ಸಮಾಧಾನ ಹೇಳಲು ತಾವು ಜಾಕೀರನ ಬಳಿ ಹೋದಿರಂತೆ. ಜನ ಅಡ್ಡ ನಿಂತಿದ್ದರಿಂದ ಅದು ನನಗೆ ಕಾಣಲಿಲ್ಲ, ಆದರೂ ತಮ್ಮ ಸೌಜನ್ಯಕ್ಕೆ ಆಭಾರಿ.

ತಟ್ಟಿದವನು ಸೋತ ಎಂಬ ತಮ್ಮ ತತ್ತ್ವ ಎಷ್ಟು ಆಳವಾದದ್ದೆಂಬುದು ಮನೆಗೆ ಬಂದ ಮೇಲೆ ನನಗೆ ಅರಿವಾಗತೊಡಗಿತು. ರೋಣದ ಬಸ್ಸಿನ ಕಂಡಕ್ಟರು ಬಾಗಿಲ ತಗಡನ್ನು ಎರಡು ಸಲ ತಟ್ಟುತ್ತಾನೆ. ಅವನು ಶರಣಾಗಿದ್ದಾನೆಂದು ತಿಳಿಯದ ಡ್ರೈವರು ಬಸ್ಸು ಬಿಟ್ಟುಬಿಡುತ್ತಾನೆ. ನಮ್ಮ ಓಣಿಯ ಉಡಚವ್ವ ಗೋಡೆಯ ತುಂಬ ಕುಳ್ಳು ತಟ್ಟಿದ್ದಾಳೆ. ಒಂದು ಗೋಡೆಯ ಎದುರು ಇಷ್ಟು ಸಲ ಸೋತವರು ಚರಿತ್ರೆಯಲ್ಲಿ ಇಲ್ಲ. ದೊಡ್ಡಾಟದಲ್ಲಿ ತೊಡೆ ತಟ್ಟಿದ ವೇಷಗಳನ್ನೆಲ್ಲ ಸೋತರೆಂದು ಮನೆಗೆ ಕಳಿಸಿದ್ದರೆ ಒಂದಾಟವೂ ಮೊದಲ ಪದ ದಾಟುತ್ತಿರಲಿಲ್ಲ. ಈ ತತ್ತ್ವವನ್ನು ನನ್ನ ಮನೆಯಾಕೆ ನೀಲವ್ವಳಿಗೆ ವಿವರಿಸಿದಾಗ ಆಕೆ ಒಲೆಯ ಮುಂದೆ ಕುಳಿತಿದ್ದಳು. ಕೈಯಲ್ಲಿದ್ದ ಜೋಳದ ಹಿಟ್ಟಿನ ಉಂಡೆಯನ್ನು ನಾದುವ ಕೊಮ್ಮಿಗೆ ಹಾಕಿ, "ಹಂಗಾದ್ರ ನಾ ನಲವತ್ತ ವರ್ಷದಿಂದ ದಿನಾ ಸೋಲಾಕತ್ತೀನಿ. ಇವತ್ತಿಗೆ ಸಾಕು. ಗೆದ್ದಾವರು ಬಂದು ರೊಟ್ಟಿ ತಟಗೊಳ್ರಿ" ಎಂದು ಎದ್ದು ಹೋದಳು. ಅಂದು ನಾನು ಚುರಮರಿ ತಿಂದು ಮಲಗಿದೆ. ತಮ್ಮ ತೀರ್ಪಿನ ಪರಿಣಾಮ ಎಲ್ಲೆಲ್ಲಿ ಮುಟ್ಟಿತೆಂಬುದು ತಮಗೆ ತಿಳಿದಿರಲಿ ಎಂದು ಬರೆದೆ.

ತಪ್ಪು ತೀರ್ಪು ನಮಗೆ ಹೊಸದಲ್ಲ. ಸಾವಿರದ ಒಂಬೈನೂರ ಅರವತ್ತಾರರಲ್ಲಿ, ನರಗುಂದದ ಗುಡ್ಡದ ಬುಡದ ಅಖಾಡದಲ್ಲಿ, ದ್ಯಾಮಪ್ಪ ಎಂಬ ಪಂಚರು ಒಬ್ಬ ಪೈಲ್ವಾನನನ್ನು ಚಿತ್ ಎಂದು ಸಾರಿದರು. ಭುಜ ನೆಲಕ್ಕೆ ಹತ್ತಿತೋ ಇಲ್ಲವೋ ಎಂದು ಮಣ್ಣಿನ ಮೇಲೆ ಬೋರಲು ಮಲಗಿ, ಭುಜದಡಿಯಲ್ಲಿ ಧೋತರದ ಚುಂಗನ್ನು ಎಳೆದು ನೋಡುತ್ತಿದ್ದವರು ಅವರು. ಅಂದು ಕಣ್ಣಿಗೆ ಮಣ್ಣು ಬಿದ್ದು ಎಡವಿದರು. ವಾರದ ಮೇಲೆ ನಿಜ ತಿಳಿಯಿತು. ಮುಂದಿನ ಸಂತೆಯ ದಿನ ಹಲಗಿ ಬಾರಿಸಿಕೊಂಡು ಅದೇ ಅಖಾಡಕ್ಕೆ ಇಳಿದು, ಒಂದು ಮುಷ್ಟಿ ಮಣ್ಣನ್ನು ತಮ್ಮ ತಲೆಯ ಮೇಲೆ ಹಾಕಿಕೊಂಡು, "ತಪ್ಪಿದಾವ ನಾ. ಅವ ಚಿತ್ ಆಗಿರಲಿಲ್ಲ" ಎಂದರು. ನಾನಾಗ ಜನರ ನಡುವೆ ನಿಂತಿದ್ದೆ. ಅಂದು ಅವರನ್ನು ನೋಡಿ ನಕ್ಕವರು ಒಬ್ಬರೂ ಇರಲಿಲ್ಲ. ಅಂದಿನಿಂದ ಈ ಸೀಮೆಯಲ್ಲಿ ಒಂದು ಕಟ್ಟಳೆ ನಿಂತಿತು: ಪಂಚನ ತೀರ್ಪನ್ನು ಪೈಲ್ವಾನ ಕೆಡಿಸುವಂತಿಲ್ಲ, ಊರು ಕೆಡಿಸುವಂತಿಲ್ಲ, ಪಂಚನೇ ಹಿಂದಕ್ಕೆ ತೆಗೆದುಕೊಳ್ಳಬೇಕು.

ನಮ್ಮ ಕಷ್ಟ ಇರುವುದು ಇಲ್ಲಿಯೇ. ಸವಡಿಯ ಗರಡಿಯಲ್ಲಿ ಚಿತ್ ಆದವನು ವಸ್ತಾದನಾಗಬಹುದು, ಹತ್ತು ಸಲ ಚಿತ್ ಆದವನೂ ಆಗಬಹುದು. ತನ್ನ ಕೈಯಿಂದ ತಾನೇ ಸೋಲೊಪ್ಪಿದವನು ಮಾತ್ರ ಆಗುವಂತಿಲ್ಲ. ಊರವರೆಲ್ಲ ಜಾಕೀರನಿಗೆ, ಆ ಪರದೇಶಿ ಪಂಚನ ಮಾತಿಗೇನು ಬೆಲೆ, ಪಟಕಾ ಸುತ್ತಿಕೋ ಎಂದರು. ಬಸವಪ್ರಸಾದನು ಪ್ರತಿ ರವಿವಾರ ನರಗುಂದದಿಂದ ಮೋಟಾರ್ ಸೈಕಲ್ಲಿನಲ್ಲಿ ಬಂದು, "ಅಣ್ಣಾ, ನಾ ಗೆದ್ದಿಲ್ಲ ಅಂತ ಬರದ ಕೊಡ್ತೀನಿ" ಎಂದು ಗಾದಿಯ ಅಂಗಡಿಯಲ್ಲಿ ಅರಳೆಯ ನಡುವೆ ಕುಳಿತು ಹೋಗುತ್ತಾನೆ. ಜಾಕೀರನದು ಒಂದೇ ಮಾತು: "ಪಂಚ ಯಾವ ಊರಾವರ ಇರಲಿ, ಪಂಚ ಪಂಚನ. ಇವತ್ತ ನನಗ ಬ್ಯಾಡಾದ ಮಾತ ನಾ ಮುರದ್ರ, ನಾಳೆ ನನ್ನ ಹುಡುಗೂರು ಯಾರ ಮಾತ ಕೇಳತಾರ?" ಜಂಗ್ಲಿಸಾಬರ ಮೊಣಕಾಲು ಹೋಗಿವೆ. ಯುಗಾದಿಗೆ ಇನ್ನು ಹದಿನೈದು ದಿನ. ಅಂದು ಅಖಾಡದ ಮಣ್ಣು ಮಗುಚಿ ಅರಿಶಿನ, ಎಣ್ಣೆ, ಮಜ್ಜಿಗೆ ಬೆರೆಸಬೇಕು. ಮೊದಲ ಸಲಿಕೆ ವಸ್ತಾದನೇ ಹಾಕಬೇಕು. ವಸ್ತಾದನಿಲ್ಲದಿದ್ದರೆ ಮಣ್ಣು ಮಗುಚುವುದಿಲ್ಲ, ಮಣ್ಣು ಮಗುಚದ ಗರಡಿಗೆ ಬೀಗ.

ಆದ್ದರಿಂದ ತಮ್ಮಲ್ಲಿ ಸಣ್ಣದೊಂದು ವಿನಂತಿ. ತಾವು ಸವಡಿಗೆ ಬಂದು, ತಲೆಯ ಮೇಲೆ ಒಂದು ಮುಷ್ಟಿ ಮಣ್ಣು ಹಾಕಿಕೊಂಡು, ಒಂದೇ ಒಂದು ವಾಕ್ಯ ಹೇಳಬೇಕು. ಜರಡಿ ಹಿಡಿದ ಮೆತ್ತನೆಯ ಮಣ್ಣನ್ನೇ ಒದಗಿಸುತ್ತೇವೆ. ಬಸ್ಸು ಹಿಡಿಯುವುದು ಕಷ್ಟವಾದರೆ ಆ ವಾಕ್ಯವನ್ನು ಪೋಸ್ಟ್ ಕಾರ್ಡಿನಲ್ಲಿ ಬರೆದು ಕಳಿಸಬಹುದು. ಬಹಿರಂಗ ಪತ್ರಕ್ಕೆ ಕಾರ್ಡು ಲಗತ್ತಿಸಲು ಬಾರದ್ದರಿಂದ ಅದನ್ನು ಈ ಪತ್ರಿಕೆಯ ಸಂಪಾದಕರಲ್ಲಿ ಇಟ್ಟಿದ್ದೇನೆ. ಅದೂ ಆಗದಿದ್ದರೆ, ತಾವಿರುವ ಊರಿನಲ್ಲಿಯೇ ಎತ್ತರದ ಕಟ್ಟಡವೊಂದನ್ನು ಹತ್ತಿ ಸವಡಿಯ ದಿಕ್ಕಿಗೆ ಮುಖಮಾಡಿ ಕೂಗಬಹುದು. ನಾವು ಕಿವಿಗೊಟ್ಟು ಕಾಯುತ್ತೇವೆ. ಆ ಮೂರು ಭಾಷೆಯ ಹೆಣ್ಣುಮಗಳ ಬಾಯಿಂದ ಹೇಳಿಸಿದರೂ ನಮ್ಮ ಆಕ್ಷೇಪವಿಲ್ಲ.

ತಮ್ಮ ಎರಡೂ ಕೈಗಳ ಮೇಲೆ ಇನ್ನೂ ನಂಬಿಕೆ ಕಳೆದುಕೊಳ್ಳದ,

ತಮ್ಮ ವಿಶ್ವಾಸಿ,
ಕಳಕಪ್ಪ ಸಂಗಪ್ಪ ಪಟ್ಟಣಶೆಟ್ಟಿ
ಕಾಳುಕಡಿ ವರ್ತಕ, ಮೂವತ್ತೊಂದು ವರ್ಷ ಕುಸ್ತಿಯ ಪಂಚ

ತಾ.ಕ.: ಮೇಲಿನದನ್ನು ಬರೆದು ಲಕೋಟೆಗೆ ಗೋಂದು ಹಚ್ಚುತ್ತಿದ್ದಾಗ ಜಾಕೀರನ ಹೆಂಡತಿ ಮುಬೀನಾ ನನ್ನ ಅಂಗಡಿಗೆ ಬಂದಳು. ಮಗನ ಮುಖ ಬಾತಿರದ ಒಂದು ಫೋಟೋ ಬೇಕೆಂದು ಅತ್ತೆ ಮದರಬಿ ಹಟ ಹಿಡಿದದ್ದರಿಂದ ಅಂದಿನ ಕಾಳಗದ ಫೋಟೋ ತೆಗೆದಿದ್ದ ಸ್ಟುಡಿಯೋಕ್ಕೆ ಹೋಗಿದ್ದಳಂತೆ. ತಾವು ಸಮಾಧಾನ ಹೇಳಲು ಹೋದ ಹೊತ್ತಿನವು ನಾಲ್ಕು ಫೋಟೋ ಇದ್ದವು. ಒಂದರಲ್ಲಿ ತಮ್ಮ ನೀಲಿ ಕೈ ಜಾಕೀರನ ಬೆನ್ನ ಮೇಲಿದೆ, ಮುಂದಿನದರಲ್ಲಿ ಗಾಳಿಯಲ್ಲಿದೆ, ಅದರ ಮುಂದಿನದರಲ್ಲಿ ಮತ್ತೆ ಬೆನ್ನ ಮೇಲಿದೆ, ಕೊನೆಯದರಲ್ಲಿ ಮತ್ತೆ ಗಾಳಿಯಲ್ಲಿದೆ. ಮುಬೀನಾ ನಾಲ್ಕನ್ನೂ ನನ್ನ ಮುಂದೆ ಸಾಲಾಗಿ ಇಟ್ಟು, "ಕಾಕಾ, ಎಣಸ್ರಿ. ಎರಡ ಸಲ ತಟ್ಟ್ಯಾರ. ಹಂಗಾದ್ರ ನಮ್ಮನಿಯಾವರ ಮುಂದ ಇವರ ಸೋತಂಗ ಅಲ್ಲೇನ್ರಿ?" ಎಂದು ಕೇಳಿದಳು. ನಾನು ಲಕೋಟೆಯನ್ನು ಬದಿಗಿಟ್ಟು ಅವಳೊಂದಿಗೆ ಸವಡಿಯ ಬಸ್ಸು ಹತ್ತಿದೆ. ಜಂಗ್ಲಿಸಾಬರು ಫೋಟೋಗಳನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿ, "ಬಾಯಿಲೆ ಹಿಂದಕ್ಕ ತಗೊಳ್ಳಾಕ ನಾಚಿಗಿ ಬಂದಿರಬೇಕು. ಕೈಲೆ ತಗೊಂಡಾನ. ಪಂಚ ಪಂಚನ ಹೌದಲ್ಲೋ ಜಾಕೀರಾ?" ಎಂದರು. ತನ್ನ ಮಾತಿಗೇ ತಾನು ಸಿಕ್ಕಿಬಿದ್ದ ಜಾಕೀರನು ತಲೆ ಬಾಗಿಸಿದ. ಎಷ್ಟು ಬಾಗಿಸಿದನೆಂದರೆ, ಪಟಕಾ ಸುತ್ತಲು ಅಷ್ಟು ಸಾಕು.

ಹೀಗಾಗಿ ತಮ್ಮ ಉತ್ತರದ ಅಗತ್ಯ ಈಗ ಉಳಿದಿಲ್ಲ. ಜಾಕೀರನಿಗೆ ತಾವು ಶರಣಾದ ಸಂಗತಿಯನ್ನು ಗರಡಿಯ ಗೋಡೆಯ ಮೇಲೆ ಸುಣ್ಣದಲ್ಲಿ ಬರೆಸಿದ್ದೇವೆ. ಯುಗಾದಿಗೆ ಅವಶ್ಯವಾಗಿ ದಯಮಾಡಿಸಬೇಕು, ಅಂದು ನೀಲವ್ವಳೇ ರೊಟ್ಟಿ ತಟ್ಟಲು ಒಪ್ಪಿದ್ದಾಳೆ. ಬಂದರೆ ಸವಡಿಯವರು ತಮ್ಮ ಬೆನ್ನು ತಟ್ಟದೆ ಬಿಡುವುದಿಲ್ಲ. ಆ ತಟ್ಟುಗಳನ್ನೆಲ್ಲ ತಮ್ಮ ಗೆಲುವುಗಳೆಂದು ಎಣಿಸಿಕೊಳ್ಳಬಾರದೆಂದು ವಿನಂತಿ.